ವೃತ್ತಿಪರ ಗಾಲ್ಫ್ ಪಂದ್ಯಾವಳಿಗೆ ಮೈದಾನವನ್ನು ಯಾವ ಆಧಾರದ ಮೇಲೆ ಆರಿಸಬೇಕು? ಕೊಡಗಿನ ಮೈದಾನಗಳಿಗೆ ಅವಕಾಶವಿದೆಯೇ?

ಪ್ರಶ್ನೆ: ವಿರಾಜಪೇಟೆಯ ಓದುಗ

ನಮ್ಮ ಜಿಲ್ಲೆಗೆ ಗಾಲ್ಫ್ ಹೊಸ ಆಟವೇನಲ್ಲ. ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸ್ ಇದೆ, ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್ ಇದೆ, ಪಾಲಿಬೆಟ್ಟದಲ್ಲಿ ಒಂಬತ್ತು ಹೋಲುಗಳ ಮೈದಾನವಿದೆ. ಆದರೂ ವೃತ್ತಿಪರ ಗಾಲ್ಫ್ ಎಂದ ಕೂಡಲೇ ಎಲ್ಲರ ಮಾತು ಬೆಂಗಳೂರು, ದೆಹಲಿ, ಗುರುಗ್ರಾಮ, ಕೋಲ್ಕತ್ತಾಗಳ ಕಡೆಗೇ ಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಯುರೋಪಿನ ಚಾಲೆಂಜ್ ಟೂರ್‌ನ ಪಂದ್ಯಾವಳಿಯೊಂದು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ನಡೆದು, ಅದನ್ನು ನಮ್ಮ ದೇಶದವರೇ ಆದ ಓಂ ಪ್ರಕಾಶ್ ಚೌಹಾಣ್ ಗೆದ್ದಾಗ, ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ನಮ್ಮಲ್ಲಿಗೂ ಅಂಥದ್ದೊಂದು ಬರಬಹುದೇ ಎಂಬ ಆಸೆ ಇಲ್ಲಿನ ಹಲವರಲ್ಲಿ ಮೂಡಿದ್ದು ಸಹಜ.

ಈ ಮಾತು ತೆಗೆದಾಗಲೆಲ್ಲ ಎರಡು ಉತ್ತರಗಳು ಸಿಗುತ್ತವೆ. 7,000 ಯಾರ್ಡ್ ಉದ್ದವಿಲ್ಲದ ಮೈದಾನದಲ್ಲಿ ಇಂದಿನ ಆಟಗಾರರನ್ನು ಆಡಿಸುವುದರಲ್ಲಿ ಅರ್ಥವಿಲ್ಲ ಎಂಬುದು ಒಂದು. ಪ್ರಾಯೋಜಕರು ಎಲ್ಲಿ ಬಯಸುತ್ತಾರೋ ಅಲ್ಲಿಯೇ ಪಂದ್ಯ ನಡೆಯುತ್ತದೆ, ಉಳಿದದ್ದೆಲ್ಲ ನೆಪ ಎಂಬುದು ಇನ್ನೊಂದು. ಎರಡನೆಯದು ನಿಜವಾಗಿದ್ದರೆ ಚರ್ಚೆಗೆ ಅವಕಾಶವೇ ಇಲ್ಲ. ಮೊದಲನೆಯದರ ಬಗ್ಗೆ ನನಗೆ ಆತಂಕವಿದೆ. ಉದ್ದ ಹೆಚ್ಚಿಸಬೇಕೆಂದು ಹೊರಟರೆ ನಮ್ಮಲ್ಲಿ ಕಡಿಯಬೇಕಾಗುವುದು ಮರಗಳನ್ನು, ಮುಚ್ಚಬೇಕಾಗುವುದು ಗದ್ದೆಯ ಬಯಲನ್ನು. ಅಷ್ಟು ಬೆಲೆ ತೆತ್ತು ಒಂದು ವಾರದ ಪಂದ್ಯವನ್ನು ತರುವುದು ನನಗೆ ಬೇಡ.

ಹಾಗಾದರೆ ಮೈದಾನವನ್ನು ಆರಿಸುವವರು ನಿಜವಾಗಿ ಏನನ್ನು ನೋಡುತ್ತಾರೆ, ಏನನ್ನು ನೋಡಬೇಕು? ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹುಲ್ಲುಗಾವಲು

ನಾನು ಹುಟ್ಟಿದ್ದು ನಾಪೋಕ್ಲು ಕಡೆ, ದುಡಿದದ್ದು ಬೇರೆ ಊರುಗಳ ಮೈದಾನಗಳಲ್ಲಿ, ಗ್ರೀನ್ (ಕುಳಿಯ ಸುತ್ತ ಹುಲ್ಲನ್ನು ಬೋಳಾಗಿ ಕತ್ತರಿಸಿದ ಜಾಗ) ನೋಡಿಕೊಳ್ಳುವ ಕೆಲಸದಲ್ಲಿ. ಪಂದ್ಯಾವಳಿಗೆ ಮುಂಚೆ ಪರಿಶೀಲನೆಗೆ ಬರುವವರು ಮೊದಲು ಯಾವುದರ ಮೇಲೆ ಮಂಡಿಯೂರಿ ಕೂರುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅವರು ಕೂರುವುದು ಗ್ರೀನ್‌ಗಳ ಮೇಲೆ. ಉದ್ದದ ಮಾತು ಆಮೇಲೆ ಬರುತ್ತದೆ.

ಆದರೂ ನೀವು ಕೇಳಿದ್ದು ಉದ್ದದ ಬಗ್ಗೆಯಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. 2013ರ ಯುಎಸ್ ಓಪನ್ ನಡೆದ ಮೆರಿಯನ್ ಮೈದಾನದ ಉದ್ದ 6,996 ಯಾರ್ಡ್. ಜಸ್ಟಿನ್ ರೋಸ್ ಗೆದ್ದದ್ದು ಪಾರ್‌ಗಿಂತ (ಮೈದಾನಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆಗಿಂತ) ಒಂದು ಹೊಡೆತ ಹೆಚ್ಚಿನ 281ರಲ್ಲಿ, ಅಂದರೆ ಆ ವಾರ ಪಾರ್ ಒಳಗೆ ಮುಗಿಸಿದವರು ಒಬ್ಬರೂ ಇರಲಿಲ್ಲ. ನಾಲ್ಕು ವರ್ಷಗಳ ನಂತರ, 2017ರಲ್ಲಿ, ಅದೇ ಪಂದ್ಯಾವಳಿ 7,700 ಯಾರ್ಡ್‌ಗಿಂತ ಉದ್ದದ ಎರಿನ್ ಹಿಲ್ಸ್‌ನಲ್ಲಿ ನಡೆದಾಗ ಬ್ರೂಕ್ಸ್ ಕೆಪ್ಕಾ ಪಾರ್‌ಗಿಂತ 16 ಹೊಡೆತ ಕಡಿಮೆಯಲ್ಲಿ ಗೆದ್ದರು. ಮೆರಿಯನ್‌ನ ಫೇರ್‌ವೇಗಳು, ಅಂದರೆ ಗ್ರೀನ್‌ವರೆಗಿನ ಹುಲ್ಲಿನ ಹಾದಿಗಳು, ಇಕ್ಕಟ್ಟು, ಹುಲ್ಲು ದಟ್ಟ. ಎರಿನ್ ಹಿಲ್ಸ್‌ನ ಫೇರ್‌ವೇಗಳು ವಿಶಾಲ, ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ನಮ್ಮ ದೇಶದಲ್ಲೇ ನೋಡಿ: 2025ರ ಅಕ್ಟೋಬರ್‌ನಲ್ಲಿ ಡಿಪಿ ವರ್ಲ್ಡ್ ಟೂರ್‌ನ ಇಂಡಿಯಾ ಚಾಂಪಿಯನ್‌ಷಿಪ್ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದಾಗ, ಎರಡೂ ಬದಿಗೆ ಪೊದೆಗಳು ಒತ್ತಿಕೊಂಡಿರುವ ಆ ಹೋಲುಗಳಲ್ಲಿ ತಾನು ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಬಳಸುವುದಿಲ್ಲವೆಂದು ರೋರಿ ಮೆಕ್‌ಇಲ್‌ರಾಯ್ ಮೊದಲೇ ಹೇಳಿದ್ದರು. ಜಗತ್ತಿನ ಅತಿ ದೂರದ ಹೊಡೆತಗಾರರಲ್ಲಿ ಒಬ್ಬರು ತಮ್ಮ ದೊಡ್ಡ ಅಸ್ತ್ರವನ್ನು ಬದಿಗಿಡುವಂತೆ ಮಾಡಿದ ಮೈದಾನಕ್ಕೆ ಉದ್ದದ ಕೊರತೆ ಇದೆ ಎನ್ನಲು ಬರುವುದಿಲ್ಲ.

ಕೊಡಗಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ವಿರಾಜಪೇಟೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದಕ್ಕಿಂತಲೂ ಮೇಲೆ. ಗಾಳಿ ತೆಳುವಾದಂತೆ ಚೆಂಡು ದೂರ ಹಾರುವುದರಿಂದ, ಈ ಎತ್ತರದಲ್ಲಿ ಒಂದೇ ಹೊಡೆತ ನೂರಕ್ಕೆ ಮೂರು ನಾಲ್ಕು ಪಾಲು ಹೆಚ್ಚು ಸಾಗುತ್ತದೆ. ಕಾಗದದ ಮೇಲಿನ ಉದ್ದ ಇಲ್ಲಿ ಇನ್ನಷ್ಟು ಕುಗ್ಗುತ್ತದೆ. ಹಾಗೆಂದು ಬೆಟ್ಟದ ಮೈದಾನ ಅನರ್ಹವೇನಲ್ಲ. ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಊರಿನ ಮೈದಾನ ಸುಮಾರು 1,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ಪಂದ್ಯಾವಳಿ 1939ರಿಂದ ಅದೇ ಊರಿನಲ್ಲಿ ನಡೆದುಬಂದಿದೆ. ಆಟಗಾರರು ಪ್ರತಿ ಕಬ್ಬಿಣದ ಕೋಲಿನ ದೂರವನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುವುದು ಅಲ್ಲಿನ ಪರೀಕ್ಷೆಯ ಭಾಗ.

ಈಗ ಗ್ರೀನ್‌ಗಳ ವಿಷಯ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ ಸ್ಟಿಂಪ್‌ಮೀಟರ್ ಎಂಬ ಸರಳ ಪಟ್ಟಿಯಿಂದ ಚೆಂಡನ್ನು ಉರುಳಿಸಿ, ಅದು ಎಷ್ಟು ಅಡಿ ಸಾಗುತ್ತದೆ ಎಂದು ಅಳೆಯುತ್ತಾರೆ. ಸದಸ್ಯರ ದಿನನಿತ್ಯದ ಆಟಕ್ಕೆ ಎಂಟು ಒಂಬತ್ತು ಅಡಿ ಸಾಕು, ವೃತ್ತಿಪರರಿಗೆ ಹನ್ನೊಂದು ಹನ್ನೆರಡು ಬೇಕೆನ್ನುತ್ತಾರೆ. ಬೆಟ್ಟದ ಹಳೆಯ ಮೈದಾನಗಳಿಗೆ ತೊಡಕಾಗುವುದು ಇಲ್ಲಿಯೇ. ಹುಲ್ಲು ನಿಧಾನವಾಗಿದ್ದ ಕಾಲದಲ್ಲಿ ಕಟ್ಟಿದ ಗ್ರೀನ್‌ಗಳಿಗೆ ಇಳಿಜಾರನ್ನು ಧಾರಾಳವಾಗಿ ಕೊಟ್ಟಿರುತ್ತಾರೆ. ಅದೇ ಇಳಿಜಾರಿನ ಮೇಲೆ ಹುಲ್ಲನ್ನು ಬೋಳು ಕತ್ತರಿಸಿ ಉರುಳುಗಲ್ಲು ಓಡಿಸಿದರೆ ಚೆಂಡು ಕುಳಿಯ ಬಳಿ ನಿಲ್ಲುವುದೇ ಇಲ್ಲ. ಅಮೆರಿಕದ ಶಿನ್ನಕಾಕ್ ಹಿಲ್ಸ್‌ನಂಥ ಹೆಸರಾಂತ ಮೈದಾನದಲ್ಲೇ 2004ರ ಯುಎಸ್ ಓಪನ್‌ನ ಕೊನೆಯ ದಿನ ಏಳನೇ ಗ್ರೀನ್ ಒಣಗಿ ಜಾರತೊಡಗಿ, ಆಟದ ನಡುವೆ ನೀರು ಹಾಯಿಸಬೇಕಾಯಿತು. ಆದ್ದರಿಂದ ಇಳಿಜಾರಿನ ಗ್ರೀನ್ ಇರುವಲ್ಲಿ ವೇಗವನ್ನು ಹತ್ತಕ್ಕೆ ನಿಲ್ಲಿಸಿ ಆಡಿಸುವ ಧೈರ್ಯ ಸಂಘಟಕರಿಗೆ ಇರಬೇಕು. ಆ ಧೈರ್ಯವಿಲ್ಲದವರು ಗ್ರೀನ್‌ಗಳನ್ನು ಅಗೆದು ಸಮತಟ್ಟು ಮಾಡಿ ಎನ್ನುತ್ತಾರೆ, ಅಲ್ಲಿಗೆ ಆ ಮೈದಾನದ ಗುಣವೇ ಹೋಗುತ್ತದೆ. ಹುಲ್ಲಿನ ಜಾತಿಯ ಬಗ್ಗೆ ನಮ್ಮಲ್ಲಿ ಹೆದರಿಕೆ ಬೇಡ: ದಕ್ಷಿಣ ಭಾರತದ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ.

ಇನ್ನು ಯಾರೂ ಮಾತಾಡದ ಒಂದು ಅಂಶ, ಬೆಳಕು. ದೊಡ್ಡ ಪಂದ್ಯಾವಳಿಯಲ್ಲಿ 156 ಆಟಗಾರರು. ಮೂವರ ಗುಂಪು ಮಾಡಿದರೆ 52 ಗುಂಪು. ಬೆಳಗ್ಗೆ ಅರ್ಧ, ಮಧ್ಯಾಹ್ನ ಅರ್ಧ, ಪ್ರತಿ ಅರ್ಧದಲ್ಲೂ ಮೊದಲನೇ ಮತ್ತು ಹತ್ತನೇ ಟೀಗಳಿಂದ (ಹೋಲಿನ ಮೊದಲ ಹೊಡೆತ ಹೊಡೆಯುವ ಕಟ್ಟೆಗಳಿಂದ) ಹದಿಮೂರು ಹದಿಮೂರು ಗುಂಪು. ಹನ್ನೊಂದು ನಿಮಿಷಕ್ಕೊಂದು ಗುಂಪನ್ನು ಬಿಟ್ಟರೆ, ಏಳಕ್ಕೆ ಶುರುವಾದ ಬೆಳಗಿನ ಸರದಿ ಬಿಡುವುದು ಒಂಬತ್ತೂಕಾಲಿನ ಹೊತ್ತಿಗೆ ಮುಗಿಯುತ್ತದೆ. ಅವರಲ್ಲಿ ಕೊನೆಯವರು ಅರ್ಧ ಸುತ್ತು ಮುಗಿಸಿ ಇನ್ನೊಂದು ಬದಿಗೆ ದಾಟುವವರೆಗೆ, ಅಂದರೆ ಹನ್ನೊಂದೂಮುಕ್ಕಾಲಿನವರೆಗೆ, ಮಧ್ಯಾಹ್ನದವರನ್ನು ಬಿಡುವಂತಿಲ್ಲ. ಮಧ್ಯಾಹ್ನದ ಕೊನೆಯ ಗುಂಪು ಹೊರಡುವುದು ಎರಡು ಗಂಟೆಗೆ, ಐದು ಗಂಟೆಯ ಸುತ್ತು ಮುಗಿಯುವುದು ಸಂಜೆ ಏಳಕ್ಕೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ, ಬೆಳಗಿನ ಮಂಜು ಕರಗುವುದೂ ತಡ. ಅದೇ ಲೆಕ್ಕದಲ್ಲಿ 120 ಆಟಗಾರರಾದರೆ ಆರಕ್ಕೆ ಸ್ವಲ್ಪ ಮುಂಚೆ ಮುಗಿಯುತ್ತದೆ, ಅದೂ ಮಂಜು ಕಾಡದಿದ್ದರೆ. ಹತ್ತನೇ ಟೀ ಕ್ಲಬ್ ಮನೆಯ ಹತ್ತಿರ ಇದೆಯೇ ಎಂಬುದೂ ಇದರಿಂದಲೇ ಮುಖ್ಯವಾಗುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೋಲುಗಳು ದೂರ ಹೋಗಿ ಹಿಂತಿರುಗುವಂತೆ ಇವೆ, ಹತ್ತನೆಯದು ಬಲು ದೂರ. ಆದರೆ ಅಲ್ಲಿ ಬ್ರಿಟನ್ನಿನ ಓಪನ್ ಪಂದ್ಯಾವಳಿ ನಡೆಯುವುದು ಉತ್ತರದ ಜುಲೈನ ದೀರ್ಘ ಹಗಲಿನಲ್ಲಿ, ಎಲ್ಲರನ್ನೂ ಮೊದಲನೇ ಟೀಯಿಂದಲೇ ಬಿಡಲು ಸಾಧ್ಯವಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಪಂದ್ಯಕ್ಕಾಗಿ ಮೈದಾನವನ್ನು ಬದಲಿಸಬಾರದು, ಮೈದಾನಕ್ಕೆ ತಕ್ಕ ಪಂದ್ಯವನ್ನು ಕೊಡಬೇಕು. ಕೊಡಗಿಗೆ ತಕ್ಕದ್ದು ಕಿರಿಯ ವೃತ್ತಿಪರರ, ಕಡಿಮೆ ಆಟಗಾರರ, ಗ್ಯಾಲರಿಗಳಿಲ್ಲದ ಪಂದ್ಯಾವಳಿ. ಅಂಥದ್ದನ್ನು ಇಲ್ಲಿ ಚೆನ್ನಾಗಿ ನಡೆಸಬಹುದು.

ಉತ್ತರ: ಸಿದ್ದಾಪುರದ ಬೆಳೆಗಾರ

ಮೇಲಿನವರು ಬೆಳಕಿನ ಲೆಕ್ಕ ಕೊಟ್ಟರು, ನಾನು ನೀರಿನ ಮತ್ತು ಕೈಗಳ ಲೆಕ್ಕ ಕೊಡುತ್ತೇನೆ. ಯಾವ ತಿಂಗಳು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಯಾವ ಮೈದಾನ ಎಂಬ ಪ್ರಶ್ನೆಗೆ ಕೊಡಗಿನಲ್ಲಿ ಉತ್ತರವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಯೋಚಿಸುವುದಿಲ್ಲ ಎಂದುಕೊಳ್ಳುತ್ತೇನೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಹೊಸ ಟೀ ಕಟ್ಟಲು, ಗಾಡಿ ನಿಲ್ಲಿಸಲು ಜಾಗ ಮಾಡಲು ಇಳಿಜಾರನ್ನು ಕಡಿಯುವ ಮಾತು ಯಾರಾದರೂ ಎತ್ತಿದರೆ ಆ ವರ್ಷವನ್ನು ನೆನಪಿಸಬೇಕಾಗುತ್ತದೆ.

ಮೈದಾನ ಒಣಗಿ ಗಟ್ಟಿಯಾಗಿರುವ ಕಾಲ ಜನವರಿಯಿಂದ ಮಾರ್ಚ್. ಹೊರಗಿನಿಂದ ನೋಡುವವರಿಗೆ ಇದೇ ಸರಿಯಾದ ಋತು ಎನಿಸುತ್ತದೆ. ಆದರೆ ಡಿಸೆಂಬರ್ ಜನವರಿಯಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕೊಯ್ಲಿನ ಕಾಲದಲ್ಲಿ ತೋಟಕ್ಕೇ ಆಳು ಸಿಗುವುದಿಲ್ಲ, ಮೈದಾನದ ಕೆಲಸಕ್ಕೆ ಹೆಚ್ಚಿನ ಕೈಗಳನ್ನು ಎಲ್ಲಿಂದ ತರುತ್ತಾರೆ? ಫೆಬ್ರವರಿ ಮಾರ್ಚ್ ಬಂತೆಂದರೆ ಹೂ ಮಳೆಗಾಗಿ ಆಕಾಶ ನೋಡುವ ಕಾಲ. ಮಳೆ ತಡವಾದರೆ ರೊಬಸ್ಟಾ ಹೂ ಬಿಡಿಸಲು ಕೆರೆಯಿಂದ, ತೋಡಿನಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕುತ್ತೇವೆ. ವರ್ಷದ ಫಸಲು ಆ ಕೆಲವು ದಿನಗಳ ನೀರಿನ ಮೇಲೆ ನಿಂತಿರುತ್ತದೆ. ಅದೇ ವಾರ, ಅದೇ ಹೊಳೆಯಿಂದ, ದೂರದರ್ಶನದಲ್ಲಿ ಹಸಿರಾಗಿ ಕಾಣಲೆಂದು ಫೇರ್‌ವೇಗೆ ನೀರು ಹಾಯಿಸಿದರೆ ನೆರೆಹೊರೆಯಲ್ಲಿ ಯಾವ ಭಾವನೆ ಹುಟ್ಟುತ್ತದೆ ಎಂಬುದನ್ನು ಆಯ್ಕೆ ಮಾಡುವವರು ಯೋಚಿಸಬೇಕು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ನೀರಿಗೆ ಬರವಿಲ್ಲ ಎಂಬ ಕಲ್ಪನೆ ಬೇಸಿಗೆಯ ಕೊಡಗನ್ನು ನೋಡದವರದು. ಗ್ರೀನ್‌ಗೆ ಹಾಕುವ ಗೊಬ್ಬರ ಮತ್ತು ಶಿಲೀಂಧ್ರನಾಶಕ ತೊಳೆದು ಹೋಗುವುದೂ ಇದೇ ತೋಡುಗಳಿಗೆ.

ನನ್ನ ದೃಷ್ಟಿಯಲ್ಲಿ ಉಳಿಯುವುದು ಒಂದು ಕಿರಿದಾದ ಅವಧಿ: ತುಲಾ ಸಂಕ್ರಮಣ ಮುಗಿದು, ಹಿಂಗಾರಿನ ಮಳೆ ಇಳಿಮುಖವಾಗಿ, ಪುತ್ತರಿಗೆ ಮುಂಚಿನ ನವೆಂಬರ್‌ನ ವಾರಗಳು. ಆಗ ಹುಲ್ಲು ಮಳೆಗಾಲದ ತೇವದಲ್ಲಿ ತುಂಬಿ ನಿಂತಿರುತ್ತದೆ, ಕೊಯ್ಲು ಬಿರುಸಾಗಿರುವುದಿಲ್ಲ. ನೆಲ ಸ್ವಲ್ಪ ಮೆತ್ತಗಿರಬಹುದು, ಒಂದು ದಿನ ಮಳೆಗೆ ಆಟ ನಿಲ್ಲಲೂಬಹುದು. ಅದನ್ನು ಒಪ್ಪಿಕೊಂಡು ನಾಲ್ಕರ ಬದಲು ಮೂರು ಸುತ್ತುಗಳ ಪಂದ್ಯವಿಟ್ಟು, ಒಂದು ದಿನವನ್ನು ಕಾಯ್ದಿರಿಸಬಹುದು.

ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜಿಲ್ಲೆಗೆ ರೈಲು ಇಲ್ಲ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ವಿರಾಜಪೇಟೆಗೆ ಮಾಕುಟ್ಟ ಘಟ್ಟದ ದಾರಿ ಹತ್ತಿರವಾಗಿದೆ. ನೂರಿಪ್ಪತ್ತು ಆಟಗಾರರಿಗೂ ಅವರ ಕೋಲುಚೀಲ ಹೊರುವ ಕ್ಯಾಡಿಗಳಿಗೂ ಹೋಮ್‌ಸ್ಟೇಗಳಲ್ಲಿ ಜಾಗವಾಗುತ್ತದೆ. ಆದರೆ ನಮ್ಮ ಕಡೆ ಆನೆಗಳ ಓಡಾಟ ಇರುವುದರಿಂದ, ಮುಂಜಾನೆ ಕತ್ತಲಲ್ಲಿ ಮೈದಾನಕ್ಕೆ ಹೊರಡುವ ಕ್ಯಾಡಿಗಳ ಮತ್ತು ಕೆಲಸಗಾರರ ಸುರಕ್ಷತೆಯನ್ನು ಅರಣ್ಯ ಇಲಾಖೆಯೊಂದಿಗೆ ಮೊದಲೇ ಮಾತಾಡಿರಬೇಕು.

ಪ್ರಶ್ನೆ ಕೇಳಿದವರು: ವಿರಾಜಪೇಟೆಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ನೀರಿನ ಮಾತು ನನ್ನ ಪ್ರಶ್ನೆಗಿಂತ ದೊಡ್ಡದು ಎನಿಸಿತು. ಇನ್ನೊಂದು ಸಂದೇಹವಿದೆ. ಮಾಸ್ಟರ್ಸ್ ಪಂದ್ಯಾವಳಿ ಪ್ರತಿ ವರ್ಷ ಅಮೆರಿಕದ ಅಗಸ್ಟಾದಲ್ಲೇ ನಡೆಯುತ್ತದೆ, ಓಪನ್ ಒಂದು ಮೈದಾನದಿಂದ ಇನ್ನೊಂದಕ್ಕೆ ಸುತ್ತುತ್ತದೆ. ಚಿಕ್ಕ ಪಂದ್ಯಾವಳಿಗಳಿಗೆ ಯಾವುದು ಒಳ್ಳೆಯದು? ಮತ್ತು ಸದಸ್ಯರಿಗಷ್ಟೇ ಬಾಗಿಲು ತೆರೆಯುವ ಕ್ಲಬ್‌ಗೆ ಇಂಥ ಗೌರವ ಕೊಡುವುದು ಸರಿಯೇ?

ಉತ್ತರ: ಗೋಣಿಕೊಪ್ಪದ ತರಬೇತುಗಾರ್ತಿ

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹುಡುಗಿಯರಿಗೆ ಕಲಿಸುವ ನನಗೆ ಅದೇ ಮುಖ್ಯ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಓಪನ್ ಹದಿನಾರು ಬಾರಿ ನಡೆದಿದೆ, ಕೊನೆಯದಾಗಿ 2013ರಲ್ಲಿ. 2016ರಲ್ಲಿ ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ಪ್ರಸ್ತಾಪಕ್ಕೆ ಅಲ್ಲಿನ ಸದಸ್ಯರಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ. ಅಂಥ ಕ್ಲಬ್‌ನಲ್ಲಿ ಓಪನ್ ನಡೆಸುವುದಿಲ್ಲ ಎಂದು ಸಂಘಟಕರಾದ ಆರ್ ಅಂಡ್ ಎ ಕೂಡಲೇ ಪ್ರಕಟಿಸಿತು. ಮರುವರ್ಷ ಮತ್ತೆ ಮತದಾನವಾಗಿ ಬಾಗಿಲು ತೆರೆಯಿತು. ಶತಮಾನಗಳ ಸಂಪ್ರದಾಯ ಒಂದು ವರ್ಷದಲ್ಲಿ ಬದಲಾದದ್ದು ಆತಿಥ್ಯದ ಹಕ್ಕು ಕೈತಪ್ಪುವ ಭಯದಿಂದ. ಮೈದಾನವನ್ನು ಆರಿಸುವವರ ಕೈಯಲ್ಲಿ ಇಷ್ಟು ಶಕ್ತಿ ಇದೆ, ಅದನ್ನು ಅವರು ನಮ್ಮಲ್ಲೂ ಬಳಸಬೇಕು. ವಾರದಲ್ಲಿ ಎಷ್ಟು ಹೊತ್ತು ಶಾಲಾ ಮಕ್ಕಳಿಗೆ ಮೈದಾನ ಬಿಟ್ಟುಕೊಡುತ್ತೀರಿ, ಕ್ಯಾಡಿಗಳಿಗೆ ಆಡಲು ಅವಕಾಶವಿದೆಯೇ, ಮಹಿಳೆಯರ ಪಂದ್ಯಕ್ಕೂ ಇದೇ ಮೈದಾನ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕ್ಯಾಡಿಗಳ ಮಾತನ್ನು ಉಪಚಾರಕ್ಕೆ ಹೇಳುತ್ತಿಲ್ಲ. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು, 2009ರಲ್ಲಿ ಅದನ್ನು ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು.

ಸುತ್ತುವುದೋ ನಿಲ್ಲುವುದೋ ಎಂಬ ಪ್ರಶ್ನೆಗೆ ಕೊಡಗಿನವರು ಬೇರೆಡೆ ಉತ್ತರ ಹುಡುಕಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ವರ್ಷಕ್ಕೊಂದು ಕುಟುಂಬ ವಹಿಸಿಕೊಂಡು ನಡೆಸುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಬಂದಿದ್ದವು. ಸರದಿ ಬರುವುದು ಖಚಿತ ಎಂದಾಗ ಆತಿಥೇಯರು ವರ್ಷಗಟ್ಟಲೆ ಮೊದಲೇ ತಯಾರಾಗುತ್ತಾರೆ, ಊರು ಅದನ್ನು ತನ್ನದೆಂದು ಭಾವಿಸುತ್ತದೆ. ಗಾಲ್ಫ್‌ನಲ್ಲೂ ಇದನ್ನು ಕಾಣಬಹುದು. ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಶ್‌ಗೆ 1951ರ ನಂತರ ಓಪನ್ ಮರಳಿದ್ದು 2019ರಲ್ಲಿ. ಅದಕ್ಕಾಗಿ ಅವರು ಪಕ್ಕದ ತಮ್ಮದೇ ಇನ್ನೊಂದು ಮೈದಾನದ ನೆಲ ಬಳಸಿ ಎರಡು ಹೊಸ ಹೋಲು ಕಟ್ಟಿ, ಹಳೆಯ ಕೊನೆಯ ಎರಡು ಹೋಲುಗಳ ಜಾಗವನ್ನು ಜನಸಂದಣಿಗೆ ಬಿಟ್ಟುಕೊಟ್ಟರು. ಹುಲ್ಲುಗಾವಲು ಅವರು ಹೇಳಿದ ಮಾತಿಗೆ ಇದು ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸರದಿ ಖಚಿತವಿದ್ದು, ಕೆಡಿಸುವ ನೆಲ ತಮ್ಮದೇ ಆಗಿದ್ದು, ಸದಸ್ಯರು ಒಪ್ಪಿದ್ದರೆ ಬದಲಾವಣೆಯೂ ಒಳ್ಳೆಯದೇ ಆಗಬಹುದು. ಸರದಿಯಿಂದ ಮೈದಾನ ಬಿದ್ದುಹೋಗುವುದೂ ಉಂಟು: 1860ರಲ್ಲಿ ಓಪನ್ ಹುಟ್ಟಿದ ಪ್ರೆಸ್ಟ್‌ವಿಕ್‌ನಲ್ಲೇ, 1925ರಲ್ಲಿ ಜನಸಂದಣಿಯನ್ನು ನಿಯಂತ್ರಿಸಲಾಗದೆ ಹೋದ ಮೇಲೆ, ಅದು ಮತ್ತೆ ನಡೆಯಲಿಲ್ಲ.

ಉತ್ತರ: ಹುಲ್ಲುಗಾವಲು

ಪೋರ್ಟ್‌ರಶ್ ವಿಷಯದಲ್ಲಿ ತರಬೇತುಗಾರ್ತಿಯವರ ಮಾತು ನ್ಯಾಯವಾದದ್ದು, ಆದರೆ ಅಲ್ಲಿನ ನೆಲ ಮರಳುದಿಬ್ಬ. ಒಂದು ಹೋಲು ಕೆಡವಿ ಇನ್ನೊಂದನ್ನು ಕಟ್ಟಿದರೂ ಮಳೆ ನೀರು ಅಲ್ಲೇ ಇಂಗುತ್ತದೆ. ನಮ್ಮ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಅದೇ ಕೆಲಸ ಮಾಡಿದರೆ ಮುಂದಿನ ಜುಲೈನಲ್ಲಿ ಮಣ್ಣು ಕೆಳಗಿನ ಗದ್ದೆಗೆ ಬಂದಿರುತ್ತದೆ. ಜನಸಂದಣಿಯ ಮಾತಿಗೂ ಇಳಿಜಾರೇ ಅಡ್ಡ ಬರುತ್ತದೆ. 2015ರ ಯುಎಸ್ ಓಪನ್ ನಡೆದ ಚೇಂಬರ್ಸ್ ಬೇ ಮೈದಾನದಲ್ಲಿ ದಿಬ್ಬಗಳು ಎಷ್ಟು ಕಡಿದಾಗಿದ್ದವೆಂದರೆ ಎಂಟನೇ ಹೋಲಿನ ಉದ್ದಕ್ಕೂ ಪ್ರೇಕ್ಷಕರನ್ನು ಬಿಡಲೇ ಇಲ್ಲ. ಗ್ರೀನ್‌ಗಳಲ್ಲಿ ಎರಡು ಜಾತಿಯ ಹುಲ್ಲು ಬೆರೆತು ಚೆಂಡು ಕುಣಿಯುತ್ತಿತ್ತೆಂದು ಆಟಗಾರರೂ ದೂರಿದರು.

ಬೆಳೆಗಾರರ ನವೆಂಬರ್ ಸಲಹೆ ನನಗೆ ಒಪ್ಪಿಗೆ. ಅದರ ಮೇಲೆ ಒಂದು ಷರತ್ತನ್ನು ಸೇರಿಸುತ್ತೇನೆ. ಪರಿಶೀಲನೆಗೆ ಬರುವವರು ಪಂದ್ಯ ನಡೆಸಲು ಉದ್ದೇಶಿಸಿರುವ ಅದೇ ತಿಂಗಳಲ್ಲಿ, ಒಂದು ವರ್ಷ ಮುಂಚೆ ಬರಬೇಕು. ಫೆಬ್ರವರಿಯಲ್ಲಿ ಬಂದು ಗಟ್ಟಿ ನೆಲ ನೋಡಿ ನವೆಂಬರ್‌ಗೆ ಒಪ್ಪಿಗೆ ಕೊಟ್ಟರೆ ಆ ಒಪ್ಪಿಗೆಗೆ ಬೆಲೆಯಿಲ್ಲ. ಬಂದಾಗ ಕ್ಲಬ್‌ನ ಪದಾಧಿಕಾರಿಗಳ ಜೊತೆ ಮಾತ್ರ ಸುತ್ತದೆ, ಪ್ರತಿದಿನ ಗ್ರೀನ್ ಕತ್ತರಿಸುವ ಕೆಲಸಗಾರರ ಜೊತೆ ಹದಿನೆಂಟು ಹೋಲನ್ನೂ ನಡೆಯಬೇಕು. ಯಾವ ಗ್ರೀನ್‌ನಲ್ಲಿ ಮಧ್ಯಾಹ್ನದವರೆಗೂ ನೆರಳು ಬಿದ್ದು ಹುಲ್ಲು ಸೊರಗುತ್ತದೆ, ಯಾವ ಬಂಕರಿನಲ್ಲಿ (ಮರಳುಗುಂಡಿಯಲ್ಲಿ) ಮಳೆ ನಿಂತ ಮೇಲೂ ಎರಡು ದಿನ ನೀರು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಂಥವರು ನಿಮ್ಮ ಮೈದಾನದಲ್ಲಿ ಇದ್ದರೆ, ಕ್ಲಬ್‌ನವರು ಮನವಿ ಬರೆಯುವ ಮೊದಲು ಅವರನ್ನು ಕೂರಿಸಿಕೊಂಡು ಹೋಲುವಾರು ಪಟ್ಟಿಯೊಂದನ್ನು ತಯಾರಿಸಲಿ.